ಹನ್ನೊಂದು ಬಿಲಗಳ ಕಾವಲುಗಾರ್ತಿಗೆ

ನಿರಿಪಿ, ತನಾಮಿ ಮರಳುಸೀಮೆ
ನವೆಂಬರ್ 28, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನ ಮಗಳು ಅಡ್ರಿನ್ ನುಂಗರಾಯಿಗೆ,

ಹೇಗಿದ್ದೀಯಮ್ಮ? ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿನ ಮಹಾಶಯರು ಒದೆಯುವುದನ್ನು ನಿಲ್ಲಿಸಿದರೇ, ಇಲ್ಲಾ ಈ ಮಾವನ ಹಾಗೆ ಹುಟ್ಟುವ ಮೊದಲೇ ಚೆಂಡಾಟದ ಅಭ್ಯಾಸವೇ? ಹೆರಿಗೆಗೆ ಮೂರು ವಾರ ಇರುವಾಗಲೇ ಬಸುರಿಯರನ್ನೆಲ್ಲ ಒಂದು ಹಗಲಿನ ದಾರಿ ದೂರದ ಪಟ್ಟಣ ಆಲಿಸ್‌ಗೆ ಸಾಗಿಸಿ ಹಾಸ್ಟೆಲಿನಲ್ಲಿ ಕೂಡಿಹಾಕುವ ಪದ್ಧತಿ ನನಗಂತೂ ಹಿಡಿಸದು. ಕಳೆದ ವಾರ ಫೋನಿನಲ್ಲಿ ನೀನು, "ಮಾವ, ಇಲ್ಲಿ ದಿನಾ ಬರೀ ಕೋಳಿ. ಒಂದು ಕೊಬ್ಬಿದ ಉಡ ತಿನ್ನದಿದ್ರೆ ಈ ಮಗು ಹೊರಗೇ ಬರಲ್ಲ ನೋಡು" ಅಂದೆಯಲ್ಲ, ಅದು ಇನ್ನೂ ನನ್ನ ಕಿವಿಯಲ್ಲಿದೆ. ಉಡ ಈ ಕಾಗದದ ಜೊತೆ ಬಂದಿಲ್ಲ. ಯಾಕೆ ಬಂದಿಲ್ಲ ಎನ್ನುವುದೇ ಈ ಕಾಗದ.

ಫೋನು ಸತ್ತಿದೆ. ಟವರಿನ ಬ್ಯಾಟರಿ ಪೆಟ್ಟಿಗೆ ಸುಟ್ಟುಹೋಗಿದೆ. ನರ್ಸಮ್ಮನ ಗಾಡಿ ಇವತ್ತು ಆಲಿಸ್‌ಗೆ ಹೊರಟಿದೆ, ಡ್ರೈವರ್ ಜಂಗಾಲ ಟೈರು ಬದಲಿಸುವಷ್ಟರಲ್ಲಿ ನಾನು ಬರೆದು ಮುಗಿಸಬೇಕು. ಮಿಷನ್ ಶಾಲೆಯಲ್ಲಿ ನಾಲ್ಕನೇ ತರಗತಿಯನ್ನು ಎರಡು ಸಲ ಓದಿದವನು ನಾನು. ಬೇರೆಯವರೆಲ್ಲ ಒಂದೇ ಸಲ ಓದಿ ಬಿಟ್ಟರು. ಹಾಗಾಗಿ ಅಕ್ಷರ ದುಂಡಗಿರಬೇಕಿತ್ತು. ಇವತ್ತು ಸಾಲುಗಳು ಸೊಟ್ಟಗಾಗಿವೆ, ಸಹಿಸಿಕೋ.

ಸೋಮವಾರ ಮಧ್ಯಾಹ್ನ ನನ್ನಪ್ಪನ, ಅಂದರೆ ನಿನ್ನ ಅಜ್ಜನ ನೆಲದಲ್ಲಿ ಬೆಂಕಿ ಬಿತ್ತು. (ಅವರ ಹೆಸರು ಬರೆಯುವುದಿಲ್ಲ, ತೀರಿಕೊಂಡು ಇನ್ನೂ ಎರಡು ವರ್ಷ ತುಂಬಿಲ್ಲ, ಅಷ್ಟು ಬೇಗ ಹೆಸರೆತ್ತಬಾರದು.) ಹೇಗೆ ಬಿತ್ತು ಎನ್ನುವುದನ್ನು ಆಮೇಲೆ ನೋಡೋಣ. ಸಿಡಿಲಿರಬಹುದು ಎಂದು ಊರಿನಲ್ಲಿ ಹೇಳಿದ್ದೇನೆ. ನಿನ್ನ ಅತ್ತೆ ಮೈಸಿ ಮಾತ್ರ ಅಂಗಡಿಯ ಮುಂದೆ ಎಲ್ಲರೆದುರಿಗೆ, "ಹೌದೌದು, ಮೋಡ ಇಲ್ದೆ ಬಂದ ಸಿಡಿಲು. ತಲೆಗೆ ಟೋಪಿ ಬೇರೆ ಹಾಕ್ಕೊಂಡಿತ್ತು" ಎಂದು ನಗಿಸಿದಳು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅವಳು ನನ್ನ ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದಳು.

ನಾನು ನೋಡದ ಬೆಂಕಿಯೇ? ಹುಡುಗನಾಗಿದ್ದಾಗ ಬರಿಗಾಲಲ್ಲಿ ಕೆಂಡ ಹಾರಿ ಒಂದೇ ಬೆಳಿಗ್ಗೆ ಮೂರು ಉಡ ಹಿಡಿದವನು (ನಿನ್ನಮ್ಮ ಎರಡು ಎನ್ನುತ್ತಾಳೆ, ಅವಳಿಗೆ ಎಣಿಸಲು ಬರುವುದಿಲ್ಲ). ಆದರೆ ಚಳಿಗಾಲದ ಬೆಂಕಿ ಸಾಕಿದ ನಾಯಿಯ ಹಾಗೆ, ಸಂಜೆಯಾದರೆ ತಾನೇ ಮಲಗುತ್ತದೆ. ನವೆಂಬರಿನ ಈ ಬೇಸಿಗೆಯ ಬೆಂಕಿ ಹಾಗಲ್ಲ. ಮುಳ್ಳುಹುಲ್ಲಿನ ಒಂದೊಂದು ಪೊದೆಯೂ ಸೀಮೆಎಣ್ಣೆ ಕುಡಿದಂತೆ ಭಗ್ಗೆನ್ನುತ್ತಿತ್ತು. ಅಷ್ಟರಲ್ಲಿ ಗಾಳಿ ತಿರುಗಿತು. ನಾನೂ ಮೈಸಿಯೂ ಒಣಗಿದ ಜೇಡಿಕೊಳದ ನಡುವಿಗೆ ಓಡಿ ನಿಂತೆವು, ಅಲ್ಲಿ ಉರಿಯಲು ಒಂದು ಕಡ್ಡಿಯೂ ಇಲ್ಲ. ಮೂರು ಕಡೆ ಬೆಂಕಿ, ತಲೆಯ ಮೇಲೆ ಹದ್ದುಗಳು. ಮಗಳೇ, ನಾನು ಹೆದರಿದೆ. ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ನನ್ನ ಅಂಗಾಲಿನ ಕೆಳಗೆ ಆ ಜೇಡಿಯೊಳಗೆ ಕಪ್ಪೆಗಳು ಹೊಟ್ಟೆ ತುಂಬ ನೀರು ತುಂಬಿಕೊಂಡು, ತಮ್ಮದೇ ಚರ್ಮ ಸುತ್ತಿಕೊಂಡು, ಮುಂದಿನ ಮಳೆಯವರೆಗೆ ಎಂದು ಮಲಗಿದ್ದವು. ಮೇಲೆ ನಿಂತ ನನ್ನ ಬಾಯಲ್ಲಿ ಉಗುಳಲೂ ಹನಿಯಿರಲಿಲ್ಲ. ಒಂದು ಮುಳ್ಳುಹಲ್ಲಿ ಬೆಂಕಿಗೆ ಬೆನ್ನು ಹಾಕಿ ನಮ್ಮ ಕಡೆಗೇ ಬರುತ್ತಿತ್ತು. ಒದ್ದೆ ಮರಳಿನ ಮೇಲೆ ಸುಮ್ಮನೆ ನಿಂತು ಕಾಲಿನಿಂದಲೇ ಬಾಯಿಯವರೆಗೆ ನೀರು ಹತ್ತಿಸಿಕೊಳ್ಳುವ ಜಾಣ ಅದು, ಆದರೆ ನಡಿಗೆ ಮಾತ್ರ ಎಂದಿನದೇ: ಒಂದು ಹೆಜ್ಜೆ ಇಟ್ಟು ಎರಡು ಸಲ ತೂಗಾಡುವುದು. ಇರುವೆ ತಿನ್ನುವುದಕ್ಕೆ ಆ ನಡಿಗೆ ಸಾಕು, ಬೆಂಕಿಗೆ ಸಾಲದು. ಮೈಸಿ ಓಡಿಹೋಗಿ ಅದನ್ನು ಲಂಗದಲ್ಲಿ ಹಾಕಿಕೊಂಡು ಬಂದಳು. "ನಿನಗಿಂತ ಇದೇ ವಾಸಿ ಕಣೋ ಮುದುಕ, ನಡುಗ್ತಿಲ್ಲ" ಅಂದಳು.

ಈಗ ನಿನ್ನ ಹಾವುರಾಣಿಗಳ ಸುದ್ದಿ. ಎದೆ ಗಟ್ಟಿ ಮಾಡಿಕೋ. ರೇಂಜರ್ ಕೆಲಸಕ್ಕೆ ಸೇರಿದಂದಿನಿಂದ ನೀನು ಕೆಂಪು ರಿಬ್ಬನ್ ಕಟ್ಟಿ ನಂಬರ್ ಹಾಕಿ ಕಾದ ಹನ್ನೊಂದು ಬಿಲಗಳಲ್ಲಿ ಏಳರ ಮೇಲೆ ಬೆಂಕಿ ಹಾದುಹೋಗಿದೆ. ಉರಿಗೆ ಒಳಗಿನವು ಸತ್ತಿರಲಿಲ್ಲ. ಅಪ್ಪ, ಅಮ್ಮ, ದೊಡ್ಡ ಮಕ್ಕಳು, ಚಿಕ್ಕವು ಎಲ್ಲ ಕೂಡಿ ಸೊಂಟದಾಳಕ್ಕೆ ತೋಡಿದ ಹತ್ತು ಬಾಗಿಲಿನ ಮನೆ ಅದು, ಬೆಂಕಿ ಮೇಲೇ ಹೋಗುತ್ತದೆ. ಭಯ ಇರುವುದು ಆಮೇಲಿನ ದಿನಗಳದ್ದು. ಹುಲ್ಲಿದ್ದರೆ ನೆರಳು, ಹುಲ್ಲಿದ್ದರೆ ತಿನ್ನಲು ಗೆದ್ದಲು, ಹುಲ್ಲಿದ್ದರೆ ಬಾಗಿಲಿಗೆ ಮರೆ. ಈಗ ಸಂಜೆ ಹೊರಗೆ ತಲೆ ಹಾಕಿದರೆ ಅದು ಇಡೀ ಮರುಭೂಮಿಗೆ ಕಾಣುತ್ತದೆ. ನೀನು ಹೇಳಿಕೊಟ್ಟಂತೆ ಅವುಗಳ ಪಾಯಿಖಾನೆ ನೋಡಿದೆವು. ಇಡೀ ಸಂಸಾರ ಬಾಗಿಲ ಹೊರಗೆ ಒಂದೇ ಜಾಗಕ್ಕೆ ಹೋಗಿಬರುವ ಆ ಶಿಸ್ತು ನಮ್ಮೂರಿನ ಕೆಲವರಿಗಾದರೂ ಇದ್ದಿದ್ದರೆ! (ಯಾರೆಂದು ಬರೆಯುವುದಿಲ್ಲ, ಜಂಗಾಲ ದಾರಿಯಲ್ಲಿ ಲಕೋಟೆ ಒಡೆದರೂ ಒಡೆದಾನು.) ಮಂಗಳವಾರ ಏಳು ಬಿಲಗಳ ಮುಂದೆಯೂ ಹೊಸ ಹಿಕ್ಕೆ ಇತ್ತು. ಬುಧವಾರ ಐದರ ಮುಂದೆ. ಇವತ್ತು ನಸುಕಿನಲ್ಲಿ ಮೂರರ ಮುಂದೆ. ಉಳಿದ ಕಡೆ ಕಾಡುಬೆಕ್ಕಿನ ಹೆಜ್ಜೆ ಎಂದು ಮೈಸಿ ಹೇಳಿದಳು. ನಾಲ್ಕನೇ ನಂಬರಿನ ಬಾಗಿಲಲ್ಲಿ ಒಂದು ದಪ್ಪ ಬಾಲ ಬಿದ್ದಿತ್ತು, ಬಾಲ ಮಾತ್ರ. ಅವಳು ಹೆಜ್ಜೆ ಹಿಡಿದು ಹೋಗಿ ಒಂದು ಬೆಕ್ಕನ್ನು ಕೋಲಿನಿಂದ ಹೊಡೆದು ತಂದಳು. ಇನ್ನೆರಡು ಇವೆಯಂತೆ.

ಎಂಟರಿಂದ ಹನ್ನೊಂದರವರೆಗಿನ ನಾಲ್ಕು ಬಿಲಗಳ ಸುತ್ತ ಹುಲ್ಲು ಇನ್ನೂ ನಿಂತಿದೆ, ಎರಡು ಚೆಂಡಾಟದ ಮೈದಾನದಷ್ಟು. ಮರಿ ಹಾಕುವ ಕಾಲ ಬೇರೆ. ಹಾವುರಾಣಿ ನಿನ್ನ ಹಾಗೆಯೇ ಹೊತ್ತು ಹೆರುವಂಥದ್ದು ಎಂದು ನೀನೇ ಹೇಳಿದ್ದೆ. ಆ ಹುಲ್ಲಿನ ಪಶ್ಚಿಮಕ್ಕೆ ಸತ್ತ ಮರದ ದಿಮ್ಮಿಗಳು ಹೊಗೆಯಾಡುತ್ತಲೇ ಇವೆ. ಮೂರು ದಿನದಿಂದ ಗಾಳಿಯಿಲ್ಲ, ಅದಕ್ಕೇ ಉಳಿದಿದೆ. ಶನಿವಾರ ಬಿಸಿಗಾಳಿ ಏಳುತ್ತದೆ ಎಂದು ರೇಡಿಯೋ ಹೇಳಿತು, ಮೈಸಿಯ ಮೊಣಕಾಲೂ ಹೇಳಿತು. ಗಾಳಿ ಎದ್ದರೆ ಒಂದು ಕಿಡಿ ಸಾಕು, ನಾಲ್ಕೂ ಹೋದವು. ನಿನ್ನ ರೇಂಜರ್ ಗೆಳತಿಯರೆಲ್ಲ ಉತ್ತರದ ದೊಡ್ಡ ಬೆಂಕಿಗೆ ಹೋಗಿದ್ದಾರೆ. ಉಳಿದದ್ದು ನಾನು, ಮೈಸಿ, ಎರಡು ಹಾರೆ. ಪಶ್ಚಿಮದ ಅಂಚಿನಲ್ಲಿ ನಾಲ್ಕು ಮಾರು ಅಗಲ ಹುಲ್ಲನ್ನು ಗಾಳಿ ಏಳುವ ಮೊದಲು ನಾವೇ ಸುಟ್ಟುಬಿಟ್ಟರೆ ಬೆಂಕಿಗೆ ದಾಟಲು ದಾರಿಯಿರದು. ಕೈ ತಪ್ಪಿದರೆ ಆ ನಾಲ್ಕನ್ನೂ ನಾವೇ ಸುಟ್ಟಂತೆ.

ನಿನಗೆ ಏಳು ವರ್ಷವಿದ್ದಾಗಿನದು ನೆನಪಿದೆಯೇ? ಅಜ್ಜ, ಆ ನೆಲಕ್ಕೆಲ್ಲ ಒಡೆಯ, ಬಿಳಿ ಗಡ್ಡದ ಹಿರಿಯ, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ನಿನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಸುಡ್ಲೇನವ್ವ?" ಎಂದು ಕೇಳಿದರು. ನೀನು ಮೂಗು ಎತ್ತಿ ಮೂಸಿ, "ಬ್ಯಾಡ ಅಜ್ಜ, ಗಾಳಿ ಕಚ್ತೈತೆ" ಅಂದೆ. ಅವರು ಪೆಟ್ಟಿಗೆಯನ್ನು ಜೇಬಿಗೆ ಹಾಕಿ ಎದ್ದರು. ನಾನು ನಕ್ಕೆ. "ನಗಬ್ಯಾಡ. ನೆಲ ನಮ್ದು, ಕಾವಲು ಮಗಳ ಮಕ್ಕಳದು. ಅವರನ್ನ ಕೇಳ್ದೆ ಹಚ್ಚಿದೋನನ್ನ ಬೆಂಕಿನೂ ಕೇಳಲ್ಲ" ಅಂದರು. ಮೂರು ದಿನದಿಂದ ಆ ಮಾತು ನನ್ನ ಬೆನ್ನ ಹಿಂದೆಯೇ ನಡೆದು ಬರುತ್ತಿದೆ.

ಜಂಗಾಲ ಟೈರಿನ ಬೋಲ್ಟ್ ಬಿಗಿಯುತ್ತಿದ್ದಾನೆ. ನಿನ್ನ ಜೊತೆಗಿರುವ ನಿನ್ನಮ್ಮನಿಗೆ ಈ ಕಾಗದದ ಮೊದಲರ್ಧ ಮಾತ್ರ ಓದಿ ಹೇಳು. ಕಾಲು ಎತ್ತಿಟ್ಟುಕೊಂಡು ಮಲಗು. ಹುಟ್ಟುವ ಮಗುವಿಗೆ ಅಜ್ಜನ ನೆಲದ ನೀರು, ನೆರಳು, ಹುಲ್ಲು ಎಲ್ಲದರ ಹಾರೈಕೆ. ಅದು ಬರುವಷ್ಟರಲ್ಲಿ ಅವು ಇರಲಿ.

ನಿನ್ನ ಸೋದರಮಾವ
ನೆವಿಲ್ ಜಕಮರ

ಮರೆತ ಮಾತು: ಮರೆತಿರಲಿಲ್ಲ. ಸಿಡಿಲು ಬೀಳಲಿಲ್ಲ ಅಡ್ರಿನ್, ಕಡ್ಡಿ ಗೀರಿದ್ದು ನಾನು. ನಿನಗೆ ಉಡ ಹಿಡಿಯಬೇಕಿತ್ತು. ಮರಳಿನ ಮೇಲಿನ ಹೆಜ್ಜೆ ನನಗೆ ಕಾಣಿಸದೆ ಒಂದು ವರ್ಷವಾಯಿತು, ಯಾರಿಗೂ ಹೇಳಿಲ್ಲ. ಹುಲ್ಲು ಸುಟ್ಟರೆ ಉಡದ ಬಿಲವಾದರೂ ಕಂಡೀತು ಅಂದುಕೊಂಡೆ. ನೀನಿಲ್ಲದ ಹೊತ್ತಿನಲ್ಲಿ, ನಿನ್ನನ್ನು ಕೇಳದೆ. ಆ ಕಡ್ಡಿಪೆಟ್ಟಿಗೆ ಈ ಲಕೋಟೆಯಲ್ಲೇ ಇದೆ. ಅಂಗಡಿಯಲ್ಲಿ ಬೇರೆ ಸಿಗುತ್ತದೆ, ಮಾತು ಅದಲ್ಲ. ಜಂಗಾಲ ನಾಳೆ ಸಂಜೆ ವಾಪಸು ಬರುತ್ತಾನೆ. ಸುಡು ಅನ್ನುವುದಾದರೆ ಪೆಟ್ಟಿಗೆ ಅವನ ಕೈಲಿ ಕಳಿಸು. ಬೇಡ ಅನ್ನುವುದಾದರೆ ನಿನ್ನ ಹತ್ತಿರವೇ ಇರಲಿ, ನಾವಿಬ್ಬರೂ ಕೈಲಾದಷ್ಟು ಹುಲ್ಲು ಕೀಳುತ್ತೇವೆ. ನಾನು ದಾರಿಯ ಗೇಟಿನ ಹತ್ತಿರ ನಿಂತಿರುತ್ತೇನೆ. ಗಾಡಿ ದೂರದಿಂದ ನನಗೆ ಕಾಣುವುದಿಲ್ಲ. ಹಾರ್ನ್ ಹೊಡೆಯಲು ಜಂಗಾಲನಿಗೆ ಹೇಳು.