ಪಾಡ್ರಿಗ್ ಅವರ ಅಂತಿಮ ಪ್ರಾರ್ಥನೆಯಲ್ಲಿ ನನ್ನ ಮೊಬೈಲು

ಎಲುನೆಡ್ ಅಕ್ಕಾ,

ಮಂಡಿನೋವು ಕಡಿಮೆಯಿದೆ, ಚಿಂತಿಸಬೇಡ. ನಿನ್ನೆ ಕಿಲ್ಕೆನ್ನಿಯ ಹಳೆಯ ಚರ್ಚು ನೋಡಲು ಹೋದೆ. ಒಳಗೆ ತೀರಿಕೊಂಡ ಪಾಡ್ರಿಗ್ ಎಂಬ ಅಂಚೆಪೇದೆಯವರ ಅಂತಿಮ ಪ್ರಾರ್ಥನೆ ನಡೆದಿತ್ತು. ಹಾಗೇ ಹೊರಗೆ ಬರಲು ಸಂಕೋಚವಾಗಿ ಹಿಂದಿನ ಬೆಂಚಿನಲ್ಲಿ ಕೂತೆ. ಎಲ್ಲರೂ ತಲೆತಗ್ಗಿಸಿ ಮೌನವಾಗಿದ್ದಾಗ, ದಾರಿ ತೋರಿಸಲೆಂದು ಇಂಟರ್ನೆಟ್ ಹಾಕಿಸಿಕೊಂಡಿದ್ದ ನನ್ನ ಮೊಬೈಲು “ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ” ಎಂದು ಕೂಗತೊಡಗಿತು. ಯಾವ ಗುಂಡಿ ಒತ್ತಿದರೂ ಅದರ ಬಾಯಿ ಮುಚ್ಚಿಸಲು ಆಗಲಿಲ್ಲ.

ಮುಂದೆ ಕೂತಿದ್ದ ಅವರ ಹೆಂಡತಿ ತಿರುಗಿ ನೋಡಿದರು. “ಇರ್ಲಿ ಬಿಡಮ್ಮ. ಮೂವತ್ತು ವರ್ಷ ಟಪಾಲು ಹಂಚಿದ್ರೂ ನಮ್ಮೋರಿಗೆ ದಾರಿ ಗೊತ್ತಾಗ್ಲೇ ಇಲ್ಲ!” ಚರ್ಚಿಗೆ ಚರ್ಚೇ ನಕ್ಕಿತು.

ಆಮೇಲೆ ಬಾಗಿಲಲ್ಲಿ ನನ್ನ ಕೈಹಿಡಿದು, “ಟೀ ಕುಡ್ದು ಹೋಗು” ಎಂದರು. ಬಸ್ಸು ತಪ್ಪುತ್ತದೆಂದು ಸುಳ್ಳು ಹೇಳಿ ಓಡಿಬಂದೆ. ಸತ್ತವರ ಬಗ್ಗೆ ಸಮಾಧಾನದ ಒಂದು ಮಾತೂ ಆಡಲಿಲ್ಲ ಅಕ್ಕಾ. ಅಮ್ಮನಿಗೆ ಇದನ್ನು ಓದಿಹೇಳಬೇಡ.

ನೆರಿಸ್