ಗಾಜಿನ ಕಡೆಯ ಮೂಲೆ

ನಿಲಾಯ್, ಮಲೇಷ್ಯಾ,
೧೨ ಅಕ್ಟೋಬರ್ ೨೦೨೫

ವಿನೋದಾ ಚಿಕ್ಕಮ್ಮನಿಗೆ ಅಪೇಕ್ಷಾಳ ನಮಸ್ಕಾರ.

ಹೇಗಿದ್ದೀರಿ ಎಂದು ಕೇಳುವ ಧೈರ್ಯ ನನಗಿಲ್ಲ. ಶುಕ್ರವಾರ ಮಾತಿನ ನಡುವೆಯೇ ಫೋನ್ ಇಟ್ಟಿರಿ, ಆಮೇಲೆ ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ. ನಾಳೆ ಮಾಂಟ್ ಕಿಯಾರಾಕ್ಕೆ ಬಂದು ನಿಮ್ಮ ಕಾಂಡೋದ ಗಾರ್ಡ್ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ನೀವು ಕರೆಯದೆ ಮೇಲೆ ಬರುವುದಿಲ್ಲ. ಸಿಟ್ಟು ಬಂದರೆ ಹರಿದುಹಾಕಿ. ಆದರೆ ಹರಿಯುವ ಮೊದಲು ಆಮೆಗಳ ಬಗ್ಗೆ ಬರೆದಷ್ಟನ್ನಾದರೂ ಓದಿ. ಅವು ತಿನ್ನುವುದನ್ನು ಬಿಟ್ಟಿವೆ ಎಂದು ನೀವೇ ಹೇಳಿದಿರಿ. ಹೀಗೇ ಬಿಟ್ಟರೆ ಅವು ಉಳಿಯುವುದಿಲ್ಲ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡುತ್ತೇನೆ. ಆಫ್ರಿಕಾದ ಒಣ ನೆಲದ ಪ್ರಾಣಿಯನ್ನು ಪೇಟೆಯ ಅಂಗಡಿಯಿಂದ ಕೊಂಡು ತಂದು ಮನೆಯೊಳಗೆ ಸಾಕುವುದು ತಪ್ಪು. ನಮ್ಮ ಪರಿಸರ ಗುಂಪಿನ ಕರಪತ್ರದಲ್ಲಿ ಅದನ್ನು ಬರೆದವಳು ನಾನೇ, ಈಗಲೂ ಒಂದು ಅಕ್ಷರ ಹಿಂದೆಗೆದುಕೊಳ್ಳುವುದಿಲ್ಲ. ಚಿಕ್ಕಪ್ಪನಿಗೂ ಇದನ್ನು ಎದುರೇ ಹೇಳಿದ್ದೆ. ಅವರು ಕೋಪಿಸಿಕೊಳ್ಳಲಿಲ್ಲ. "ತಪ್ಪು ಹೌದು ಮಾರಾಯ್ತಿ. ಆದ್ರೆ ಈ ತಪ್ಪಿಗೆ ಈಗ ಹಸಿವಾಗ್ತದೆ, ಆ ದಾಸವಾಳದ ಎಲೆ ಇತ್ತ ಕೊಡು" ಎಂದಿದ್ದರು.

ನಾನು ಮೊದಲ ಸಲ ನಿಮ್ಮ ಮನೆಗೆ ಬಂದ ದಿನ ನಿಮಗೆ ನೆನಪಿರಬಹುದು. ಹೊರಗೆ ರಸ್ತೆಯ ಡಾಂಬರು ಕರಗುವಂಥ ಬಿಸಿಲು. ಚಿಕ್ಕಪ್ಪನ ಕೋಣೆಗೆ ಕಾಲಿಟ್ಟರೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಎಸಿ ಹದಿನೆಂಟಕ್ಕೆ ನಿಂತಿತ್ತು. ಅದರ ಎದುರಿಗೇ ಉದ್ದನೆಯ ಮರದ ಪೆಟ್ಟಿಗೆ, ಅದರೊಳಗೆ ಉರಿಯುವ ದೀಪ, ದೀಪದಡಿ ಎರಡು ಆಮೆ, ಚಾಮುಂಡಿ ಮತ್ತು ಸದಾನಂದ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಕೈಯಲ್ಲಿ ತಂಪು ಮಾಡುವುದು, ಇನ್ನೊಂದು ಕೈಯಲ್ಲಿ ಬಿಸಿ ಮಾಡುವುದು, ಸೂರ್ಯ ಪುಕ್ಕಟೆ ಸುಡುವ ದೇಶದಲ್ಲಿ ಇದೆಂಥ ಹುಚ್ಚು ಎಂದು ಅವರ ಮುಖಕ್ಕೇ ಕೇಳಿದೆ. ನೀವು ನನ್ನನ್ನು ಅಡುಗೆಮನೆಗೆ ಕರೆದು ನರದ ಕಾಯಿಲೆಯ ಬಗ್ಗೆ ಹೇಳಿದಿರಿ. ಮೈ ಸ್ವಲ್ಪ ಬಿಸಿಯಾದರೂ ಅವರ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ಆ ಕೋಣೆಯಲ್ಲಿ ಕೂತೇ ಅವರು ಕಾಲೇಜಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡುವುದು ಎಂದಿರಿ. ವಾಪಸ್ ಬಂದಾಗ ಅವರು ನನ್ನ ಕರಪತ್ರ ಹಿಡಿದು ಓದುತ್ತಿದ್ದರು. "ಇದನ್ನು ಬರೆದವಳಿಗೆ ಮಲೇಷ್ಯಾದ ಬಿಸಿಲು ಗೊತ್ತುಂಟು, ನನ್ನ ಬೆನ್ನುಹುರಿ ಗೊತ್ತಿಲ್ಲ" ಎಂದು ನಕ್ಕರು. ಹಾಗಾದರೆ ಆಮೆಗಳನ್ನಾದರೂ ಮೊದಲಿನ ಹಾಗೆ ಬಾಲ್ಕನಿಯಲ್ಲಿಡಿ, ದೀಪ ಉಳಿಯುತ್ತದೆ ಎಂದೆ. "ಬಾಲ್ಕನಿಗೆ ನಾನು ಹೋಗುವ ಹಾಗಿಲ್ಲವಲ್ಲ" ಎಂದರು. ನಾನು ಅವರ ಕೈಯಿಂದ ಕರಪತ್ರ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಅವತ್ತಿನಿಂದ ಪ್ರತಿ ಭಾನುವಾರ ಬಂದದ್ದು ವಾದ ಮಾಡಲಿಕ್ಕೆ ಎಂದು ನಿಮಗೆ ಹೇಳುತ್ತಿದ್ದೆ. ನೀವು ಮೀನು ಸಾರು ಮಾಡಿ ಕಾಯುತ್ತಿದ್ದಿರಿ, ಅದಕ್ಕೂ ಬರುತ್ತಿದ್ದೆ.

ಆ ಪೆಟ್ಟಿಗೆಯ ಲೆಕ್ಕಾಚಾರವನ್ನು ಅವರೇ ನನಗೆ ಕಲಿಸಿದರು. ಇಡೀ ಪೆಟ್ಟಿಗೆ ಬಿಸಿಯಾಗಬಾರದು. ಗೋಡೆಯ ಕಡೆ ಹಗಲಿಗೆ ದೀಪ, ರಾತ್ರಿಗೆ ಬೆಳಕಿಲ್ಲದೆ ಬರೀ ಶಾಖ ಕೊಡುವ ಪಿಂಗಾಣಿ ಬಲ್ಬು. ಅವರ ಕುರ್ಚಿಯ ಪಕ್ಕದ ಕೊನೆಯಲ್ಲಿ ಗಾಜು, ಅಲ್ಲಿ ತಂಪು. ಎಷ್ಟು ಬೇಕೋ ಅಷ್ಟು ಕಾಯಿಸಿಕೊಂಡು ಸಾಕೆನಿಸಿದಾಗ ಈಚೆ ಬರುವುದು ಆಮೆಗೆ ಬಿಟ್ಟದ್ದು. ಎರಡು ತುದಿಗೂ ಒಂದೊಂದು ಥರ್ಮಾಮೀಟರು. ನಾನು ಬಿಸಿ ಬಿಸಿ ಎನ್ನುತ್ತಿದ್ದರೆ ಅವರು ತಿದ್ದುತ್ತಿದ್ದರು: "ಬಿಸಿ ಕೆಟಲಿಗೆ. ಇದು ಕಾವು. ಕೋಳಿ ಮೊಟ್ಟೆಗೆ ಕೊಡ್ತದಲ್ಲ, ಅದು." ಪ್ರಾಣಿಗೆ ಆಯ್ಕೆ ಬಿಟ್ಟುಕೊಟ್ಟ ಆ ಪೆಟ್ಟಿಗೆಯನ್ನು ನಾನು ಒಳಗೊಳಗೇ ಒಪ್ಪಿಕೊಂಡಿದ್ದೆ. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ವಾರವಿಡೀ ಛೇಡಿಸುತ್ತಿದ್ದರು.

ಈಗ ಶುಕ್ರವಾರದ ಮಾತು. ಈ ತಿಂಗಳ ಕೊನೆಗೆ ನಿಮ್ಮ ವೀಸಾ ಮುಗಿಯುತ್ತದೆ. ಅದು ಚಿಕ್ಕಪ್ಪನ ಕೆಲಸದ ಮೇಲೆ ಸಿಕ್ಕಿದ್ದು, ಅವರು ತೀರಿಕೊಂಡ ಮೇಲೆ ಅದನ್ನು ಇನ್ನು ಯಾರೂ ಮುಂದುವರಿಸುವುದಿಲ್ಲ. ಉಡುಪಿಗೆ ಟಿಕೆಟ್ ಮಾಡಿಸಿ ಎಂದು ಅಮ್ಮನೂ ನಾನೂ ಹೇಳುತ್ತಲೇ ಇದ್ದೇವೆ. ನೀವು ಹೋಗುವುದಿಲ್ಲ ಎಂದಿರಿ. ಎಸಿ ಇನ್ನೂ ಹದಿನೆಂಟರಲ್ಲೇ ಇದೆಯೇ ಎಂದು ಕೇಳಿದೆ. ಇದೆ ಎಂದಿರಿ. ಯಾಕೆ ಎಂದದ್ದಕ್ಕೆ, "ಹೇಗೆ ಆಫ್ ಮಾಡುವುದು? ಚಾಮುಂಡಿ, ಸದಾನಂದ ಎರಡೂ ಗಾಜಿನ ಹತ್ರ ಕೂತು ಕಾಯ್ತಾ ಉಂಟು" ಎಂದಿರಿ.

ನಾನು ಕೇಳಿಸಿಕೊಂಡದ್ದು ಮೈ ಕಾಯಿಸಿಕೊಳ್ಳುತ್ತಿವೆ ಎಂದು. ಎಸಿ ನಿಲ್ಲಿಸಿದರೆ ಕಾಯಿಸಿಕೊಳ್ಳುವ ಅಗತ್ಯವೇ ಇರುವುದಿಲ್ಲ, ಯಾರಿಗೋಸ್ಕರ ಆ ಕೋಣೆ ಇನ್ನೂ ಫ್ರಿಜ್ ಆಗಿರಬೇಕು ಎಂದು ಭಾಷಣ ಮಾಡಿದೆ. ನೀವು ಫೋನ್ ಇಟ್ಟಿರಿ.

ನಿನ್ನೆ ಪೆಟಾಲಿಂಗ್ ಜಯಾದಲ್ಲಿ ಕರಪತ್ರ ಹಂಚಿ ರೈಲಿನಲ್ಲಿ ವಾಪಸ್ ಬರುತ್ತಿದ್ದೆ. ಬೋಗಿಯಲ್ಲಿ ಎಸಿ ಜೋರಾಗಿತ್ತು. ಜನ ಗಾಳಿ ಬೀಸುವ ಕಿಂಡಿಯಡಿಯಿಂದ ಎದ್ದು ಬಿಸಿಲು ಬೀಳುವ ಸೀಟಿಗೆ ಹೋಗಿ ಕೂರುತ್ತಿದ್ದರು. ಆಗ ಹೊಳೆಯಿತು. ಗಾಜಿನ ಕಡೆ ದೀಪವಿಲ್ಲ. ಆ ಪೆಟ್ಟಿಗೆಯಲ್ಲಿ ತಣ್ಣಗಿರುವುದೇ ಆ ಮೂಲೆ. ಯಾವ ಆಮೆಯೂ ಅಲ್ಲಿ ಹೋಗಿ ಮೈ ಕಾಯಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಚಿಕ್ಕಪ್ಪ ಕುರ್ಚಿ ಸರಿಸಿಕೊಂಡು ಬಂದು ಮರದ ಮೇಲೆ ಬೆರಳಿನಿಂದ ತಟ್ಟಿದಾಗ ಮಾತ್ರ ಅವೆರಡೂ ಕಾವು ಬಿಟ್ಟು ಅಲ್ಲಿಗೆ ಬರುತ್ತಿದ್ದವು. ನೀವು ಹೇಳಿದ ಕಾಯುವುದು ಬೇರೆ, ನಾನು ಕೇಳಿದ ಕಾಯುವುದು ಬೇರೆ. ಪೆಟ್ಟಿಗೆಯ ಮೂಲೆ ಮೂಲೆ ತಿಳಿದ ನನಗೇ ಅದು ಅರ್ಥವಾಗಲಿಲ್ಲ. ಸೆರೆಂಬಾನ್‌ವರೆಗೆ ಹೋಗಿಬಿಟ್ಟೆ, ನಿಲಾಯ್ ದಾಟಿದ್ದೇ ಗೊತ್ತಾಗಲಿಲ್ಲ.

ಚಿಕ್ಕಮ್ಮಾ, ಅವು ದೀಪದಡಿಗೆ ಹೋಗುತ್ತಿಲ್ಲ. ಮೈಯಲ್ಲಿ ಕಾವಿಲ್ಲದೆ ಆಮೆಗೆ ತಿಂದದ್ದು ಅರಗುವುದಿಲ್ಲ, ಅದಕ್ಕೇ ಎಲೆ ಮುಟ್ಟುತ್ತಿಲ್ಲ. ಎತ್ತಿ ದೀಪದಡಿ ಇಟ್ಟರೂ ಮತ್ತೆ ಗಾಜಿನತ್ತ ಬರುತ್ತವೆ ಎಂದಿರಲ್ಲ. ಅವು ಕಾವಿನ ಹತ್ತಿರ ಹೋಗದಿದ್ದರೆ ಕಾವೇ ಅವು ಇರುವಲ್ಲಿಗೆ ಹೋಗಬೇಕು. ಬೇರೆ ದಾರಿಯಿಲ್ಲ. ವಿದ್ಯುತ್ ಉಳಿಸಲಿಕ್ಕೆಂದು ಈ ಮಾತು ಹೇಳುತ್ತಿಲ್ಲ, ನಂಬಿ.

ಒಮ್ಮೆಲೇ ಆಫ್ ಮಾಡಬೇಡಿ. ದಿನಕ್ಕೆ ಎರಡು ಡಿಗ್ರಿ ಏರಿಸಿ. ಆಮೆಗಳಿಗೆ ಅದು ಸಾಕು. ನಿಮಗೆ ಎಷ್ಟು ದಿನ ಬೇಕೋ ನನಗೆ ಗೊತ್ತಿಲ್ಲ. ಆದರೆ ಅವಕ್ಕೆ ಹೆಚ್ಚು ದಿನ ಇಲ್ಲ. ದೀಪವನ್ನು ಮುಟ್ಟಬೇಡಿ, ಅದರ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತದೆ. ಕೋಣೆ ಬೆಚ್ಚಗಾದ ಮೇಲೆ ಒಂದು ದಿನ ನೀವು ನೋಡುವಾಗ ದೀಪ ತಾನಾಗಿ ಆರಿರುತ್ತದೆ. ಗಾಬರಿಯಾಗಬೇಡಿ. ಕೆಟ್ಟಿರುವುದಿಲ್ಲ. ಇನ್ನು ಸಾಕು ಎಂದು ಅದರ ಅರ್ಥ.

ಬೆಳಿಗ್ಗೆ ಮರದ ಮೇಲೆ ನೀವೇ ತಟ್ಟಿ ನೋಡಿ. ಎಲೆಯನ್ನು ಗಾಜಿನ ಹತ್ತಿರ ಇಡಬೇಡಿ, ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ದೀಪದತ್ತ ಸರಿಸಿ.

ಆಮೇಲೆ ಅವು ನನ್ನ ಹತ್ತಿರ ಇರಲಿ. ನೀವು ಹೋದ ತಿಂಗಳು ಕೇಳಿದಾಗ, ಪಂಜರಕ್ಕೆ ಯಜಮಾನಿಯಾಗಲಾರೆ ಎಂದಿದ್ದೆ. ಈಗಲೂ ಯಜಮಾನಿಯಾಗುವುದಿಲ್ಲ. ನಾವು ಗೆಳತಿಯರು ಬಾಡಿಗೆಗಿರುವ ಮನೆಯ ಹಿಂದೆ ಹುಲ್ಲಿನ ಜಾಗವಿದೆ, ದಿನವಿಡೀ ಬಿಸಿಲು. ಮನೆಯೊಡತಿ ತುಳಸಿ ಅಕ್ಕ ತಮಿಳಿನವರು. ಮೊದಲು ಕೇಳಿದ್ದು ಆಮೆ ಕರಿಬೇವು ತಿನ್ನುತ್ತದೆಯೇ ಎಂದು. ತಿಂದರೆ ಅವರು ಆಮೆಯನ್ನೇ ತಿನ್ನುತ್ತಾರಂತೆ. ಹೇಳಿ ನಕ್ಕು, ಮಧ್ಯಾಹ್ನ ತಾವೇ ಗಿಡದ ಸುತ್ತ ಇಟ್ಟಿಗೆ ಜೋಡಿಸಿದ್ದಾರೆ.

ಅವುಗಳಿಗೋಸ್ಕರ ನೀವು ಇಲ್ಲಿ ಉಳಿಯಬೇಕಾಗಿಲ್ಲ. ಚಿಕ್ಕಪ್ಪನಿಗೋಸ್ಕರವೂ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಕ್ಷಮಿಸಿ.

ನಿಮ್ಮ ಜಗಳಗಂಟಿ,
ಅಪೇಕ್ಷಾ

ತಾ.ಕ.: ದೀಪ, ಪಿಂಗಾಣಿ ಬಲ್ಬು ಎರಡನ್ನೂ ಆಮೆಗಳ ಜೊತೆ ಕಟ್ಟಿಡಿ. ಮಳೆಯ ದಿನಗಳಲ್ಲಿ ಆಮೆಗಳನ್ನು ಒಳಗೆ ತರಬೇಕಾಗುತ್ತದೆ. ಎಸಿಯ ರಿಮೋಟನ್ನೂ ಕೊಡುತ್ತೀರಾ? ನಿಮ್ಮ ಮನೆ ಮಾಲೀಕರಿಗೆ ಹೊಸದು ತಂದುಕೊಡುತ್ತೇನೆ. ಕಣ್ಣು ಮಂಜಾದಾಗ ಬೆರಳಿಗೆ ಸಿಗಲೆಂದು ಚಿಕ್ಕಪ್ಪ ಅದರ ಗುಂಡಿಯ ಮೇಲೆ ನಿಮ್ಮ ಬಿಂದಿ ಅಂಟಿಸಿಕೊಂಡಿದ್ದರಲ್ಲ, ಅದನ್ನು ಕೀಳಬೇಡಿ. ನನ್ನ ಕೋಣೆಯಲ್ಲಿ ಎಸಿ ಇಲ್ಲ. ಹಾಕಿಸುವುದೂ ಇಲ್ಲ. ನೀವೇ ಇಟ್ಟುಕೊಳ್ಳುವುದಾದರೆ ನಾನು ಕೇಳಲೇ ಇಲ್ಲ ಎಂದುಕೊಳ್ಳಿ.