ಸೊಣ್ಣಪ್ಪ ಮನೆಗೆ ಬಂದ ಮೇಲೆ

ಕುರುಡುಮಲೆ,
8-1-2025, ಬುಧವಾರ

ನಮ್ಮ ಯಜಮಾನರಿಗೆ, ಗಂಗಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಊಟ ಸೇರ್ತಾ ಇದೆಯಾ? ಕೈ ನಡುಕ ಕಮ್ಮಿಯಾಗಿದೆ, ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ ಅಂತ ನಿಮ್ಮನ್ನ ನೋಡಿ ಬಂದ ವೆಂಕಟ್ ಹೇಳಿದ. ನಿಮ್ಮ ಚಿಕ್ಕಪ್ಪನ ಮಗ ಹೇಳೋದ್ರಲ್ಲಿ ಅರ್ಧ ಕಳೆದು ನಂಬಬೇಕು, ಆದರೂ ಕೇಳಿ ಸಮಾಧಾನ ಆಯ್ತು. ಅಲ್ಲಿ ಮೂರು ಹೊತ್ತೂ ಅನ್ನವೇ ಅಂತೆ, ಮುದ್ದೆ ಅಪರೂಪವಂತೆ. ಮುದ್ದೆ ಇಲ್ಲದೆ ನೀವು ಹೇಗೆ ಇದ್ದೀರೋ ಆ ದೇವರೇ ಬಲ್ಲ. ಸ್ವೆಟರ್ ಹಾಕ್ಕೊಳ್ತಿದ್ದೀರಾ, ಇಲ್ಲಾ ದಿಂಬಿನ ಕೆಳಗೆ ಮಡಚಿ ಇಟ್ಟಿದ್ದೀರಾ? ಈ ವರ್ಷ ಏನು ಚಳಿ ಅಂತೀರಿ! ಬೆಳಿಗ್ಗೆ ಎದ್ದು ನೋಡಿದ್ರೆ ಬೆಟ್ಟವೂ ಕಾಣಲ್ಲ, ಗುಡಿಯೂ ಕಾಣಲ್ಲ. ನಾನು ಚೆನ್ನಾಗಿದ್ದೀನಿ. ಹಾಗಂತ ಬರೀಬೇಕಲ್ಲ, ಬರೆದಿದ್ದೀನಿ.

ಕುಡಿತ ಬಿಡಿಸೋ ಕೇಂದ್ರಕ್ಕೆ ನಿಮ್ಮನ್ನು ಸೇರಿಸಿ ಕೋಲಾರದಿಂದ ವಾಪಸ್ ಬಂದ ಮೇಲೆ ಇದೇ ನನ್ನ ಮೊದಲ ಕಾಗದ. ಫೋನ್ ಕೊಡಲ್ಲ, ಕಾಗದ ಬೇಕಾದ್ರೆ ಬರೀರಿ ಅಂತ ಅಲ್ಲಿನ ಸಿಸ್ಟರ್ ಅವತ್ತೇ ಹೇಳಿದ್ರು. ನಾನೇ ಬರೀಲಿಲ್ಲ. ಕೋಪ ಇತ್ತು ರೀ, ಸುಳ್ಳು ಯಾಕೆ ಹೇಳ್ಲಿ. ಹಣ್ಣಾದ ರೇಷ್ಮೆ ಹುಳು ಬಿಟ್ಟಿದ್ದ ಬಿದಿರಿನ ಚಂದ್ರಿಕೆ ತಟ್ಟೆಗಳ ಮೇಲೆ ನೀವು ಕುಡಿದು ಬಂದು ಬಿದ್ದಿರಲ್ಲ, ನಾಳೆ ಗೂಡು ಕಟ್ಟಬೇಕಿದ್ದ ಹುಳು ನಿಮ್ಮ ಬೆನ್ನಿಗೆ ಅಂಟಿಕೊಂಡು ಸತ್ತಿದ್ವಲ್ಲ, ಅದು ಕಣ್ಣಿಂದ ಹೋಗೋಕೆ ಬಹಳ ದಿನ ಬೇಕಾಯ್ತು. ನೀವು ಹೇಳಿ ಕಳಿಸಿದ್ದನ್ನ ವೆಂಕಟ್ ಹೇಳಿದ. ಡಾಕ್ಟರು ಶಿವರಾತ್ರಿ ಕಳೆಯೋ ತನಕ ಇರಬೇಕು ಅಂದಿದ್ದಾರೆ, ನೀವು ಸಂಕ್ರಾಂತಿಗೇ ಮನೆಗೆ ಬರ್ತೀನಿ ಅಂತೀರಿ. ಗಂಗಾ ಬಂದು ಒಂದು ಸಹಿ ಹಾಕಿದ್ರೆ ಸಾಕು, ಮಿಕ್ಕಿದ್ದನ್ನ ಮನೆಯಲ್ಲೇ ಇದ್ದು ಬಿಟ್ಟುಬಿಡ್ತೀನಿ ಅಂತೀರಿ. ಅದಕ್ಕೆ ಉತ್ತರ ಬರೀತೀನಿ, ತಡೀರಿ. ಅದಕ್ಕೆ ಮೊದಲು ನಮ್ಮ ಮನೆಗೆ ಬಂದಿರೋ ಹೊಸಬನ ಸಮಾಚಾರ ಹೇಳ್ಬೇಕು. ಹೊಸಬ ಅಂದ ತಕ್ಷಣ ಹುಬ್ಬು ಗಂಟು ಹಾಕ್ಕೋಬೇಡಿ, ಅವನು ನನ್ನ ಅಂಗೈಯಷ್ಟು ಇದ್ದಾನೆ.

ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಇದ್ರಲ್ಲ, ಸ್ಕೂಲಿನ ರಂಜಿತ ಮೇಡಂ, ಅವರಿಗೆ ಮದುವೆ ಗೊತ್ತಾಯ್ತು. ಅವರು ಒಂದು ಹ್ಯಾಮ್‌ಸ್ಟರ್ ಸಾಕಿದ್ರು. ಹ್ಯಾಮ್‌ಸ್ಟರ್ ಅಂದ್ರೆ ಬಾಲ ಕತ್ತರಿಸಿದ ಇಲಿ ಅಂದುಕೊಳ್ಳಿ, ಬೆಲ್ಲದ ಬಣ್ಣ, ಹೊಟ್ಟೆ ಬೆಳ್ಳಗೆ, ಕಣ್ಣು ಕರೀ ಮಣಿ. ಗಂಡನ ಮನೆಯವರು ಇಲಿ ಸಮೇತ ಸೊಸೆ ಬೇಡ ಅಂದ್ರಂತೆ. ಊರೆಲ್ಲಾ ಕೇಳಿದ್ರು, ಯಾರೂ ಇಟ್ಟುಕೊಳ್ಳಲಿಲ್ಲ. ಹುಳುಗಳಿಗೆ ಸೊಪ್ಪು ಕುಯ್ದುಕೊಂಡು ಬರ್ತಾ ಇದ್ದವಳನ್ನ ನಿಲ್ಲಿಸಿ ನನ್ನನ್ನೂ ಕೇಳಿದ್ರು. ನಾನು ನಕ್ಕುಬಿಟ್ಟೆ. ಹುಳು ಸಾಕೋರ ಮನೆಗೆ ಇಲಿನಾ! ಇಲಿ, ಹಲ್ಲಿ, ಇರುವೆ ಈ ಮೂವರ ಮೇಲೆ ನಾವು ಕೋಲು ಹಿಡಿದು ನಿಂತವರು, ಇಲಿ ಬೋನಿಗೆ ಮೀನಿನ ತಲೆ ಸಿಕ್ಕಿಸೋದ್ರಲ್ಲಿ ನಾನು ಪಂಟರು ಅಂತ ನೀವೇ ಹೇಳ್ತಿದ್ರಿ. ನಕ್ಕು ಮನೆಗೆ ಬಂದು ಬೀಗ ತೆಗೆದೆ. ಒಳಗೆ ಬೆಳಿಗ್ಗೆ ನಾನು ಕುಡಿದಿಟ್ಟ ಕಾಫಿ ಲೋಟ ಇಟ್ಟ ಕಡೆಯೇ ಕೂತಿತ್ತು. ಅದನ್ನ ಆಚೀಚೆ ಇಡೋಕೂ ಮನೆಯಲ್ಲಿ ಒಬ್ಬರಿಲ್ಲ ಅನ್ನಿಸ್ತು. ಕಾಲು ಕೂಡ ತೊಳೀದೆ ವಾಪಸ್ ಹೋಗಿ ಪಂಜರ ಎತ್ತಿಕೊಂಡು ಬಂದೆ.

ಮೇಡಂ ಅದಕ್ಕೆ ಏನೋ ಬಿಸ್ಕತ್ತಿನ ಹೆಸರು ಇಟ್ಟಿದ್ರು, ನನ್ನ ನಾಲಿಗೆಗೆ ತಿರುಗಲಿಲ್ಲ. ಮೊದಲನೇ ದಿನ ಕಡ್ಲೆಕಾಯಿ ಬೀಜ ಕೊಟ್ಟೆ ನೋಡಿ, ತಿನ್ನಲ್ಲ, ಒಂದೊಂದಾಗಿ ಕೆನ್ನೆಯೊಳಗೆ ತುರುಕ್ತಾನೆ. ಆ ಕಡೆ ಈ ಕಡೆ ಕೆನ್ನೆ ಊದಿಸಿಕೊಂಡು, ಏನೂ ಗೊತ್ತಿಲ್ಲದವನ ಥರ ನನ್ನ ಮುಖ ನೋಡ್ತಾನೆ. ಥೇಟ್ ನಿಮ್ಮ ಸೊಣ್ಣಪ್ಪ ಮಾವ! ಮದುವೆ ಮನೆ ಪಂಕ್ತಿಯಲ್ಲಿ ಬೋಂಡ ಬಡಿಸೋವಾಗ ಮಾವ ಮಾಡೋದು ಇದೇ ಅಲ್ವಾ? ಅವತ್ತಿಂದ ಇವನೂ ಸೊಣ್ಣಪ್ಪ. ಮಾವನಿಗೆ ಹೇಳೀರಿ ಜೋಕೆ. ಎದುರುಮನೆ ಮುನಿಯಲ್ಲಮ್ಮತ್ತೆ ಬಾಗಿಲಲ್ಲಿ ಇಣುಕಿ, ತಮ್ಮ ಅರೆತೆಲುಗಲ್ಲಿ, ಏಮೇ ಗಂಗಾ, ಎಲುಕನ್ನ ಸಾಕ್ತಾಳಂತೆ ಎಲುಕನ್ನ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ ಅಂತ ಬೀದಿಗೆಲ್ಲಾ ಕೇಳೋ ಹಾಗೆ ಅಂದ್ರು. ಮಕ್ಕಳಿಲ್ಲದವಳು ಇಲಿಗೆ ತೊಟ್ಟಿಲು ಕಟ್ಟಿದ್ಲು ಅಂತ ನಲ್ಲಿ ಹತ್ರ ಇನ್ನೊಬ್ಬಳು ಅಂದಳಂತೆ. ಅವಳ ಹೆಸರು ಬರೆಯಲ್ಲ, ನೀವು ಬಂದು ಜಗಳ ತೆಗೀತೀರಿ. ಮುನಿಯಲ್ಲಮ್ಮತ್ತೆ ಬಾಯಿ ಕೆಟ್ಟದು, ಮನಸ್ಸು ಒಳ್ಳೇದು. ಮಾರನೇ ಸೋಮವಾರ ಗಣಪನ ಗುಡಿಯಿಂದ ಬರ್ತಾ ಒಂದು ಚೂರು ತೆಂಗಿನಕಾಯಿ ಸೆರಗಲ್ಲಿ ಕಟ್ಟಿಕೊಂಡು ಬಂದು, ಎಷ್ಟಾದ್ರೂ ಸ್ವಾಮಿ ವಾಹನದ ಜಾತಿ ಅಲ್ವೇನೇ, ಕೊಡು ಅಂದ್ರು.

ಆದರೆ ಸೊಣ್ಣಪ್ಪ ನನ್ನ ಹತ್ರ ಬರಲಿಲ್ಲ. ಅದನ್ನ ಹೇಳ್ಬೇಕು. ನನ್ನದು ನಿಮಗೆ ಗೊತ್ತಲ್ಲ, ದಡಬಡ ಕೈ. ಬಂದ ಮರುದಿನವೇ ಪಂಜರಕ್ಕೆ ಕೈ ಹಾಕಿ ಮೇಲಿಂದ ಹಿಡಿಯೋಕೆ ಹೋದೆ, ತೋರುಬೆರಳಿಗೆ ಕಚ್ಚಿದ ನೋಡಿ, ರಕ್ತ! ಎಲಾ ಇವನ ಅಂತ ಬೈದೆ. ಅವನು ಕೆಳಗೆ ಹಾಸಿದ್ದ ಹೊಟ್ಟಿನೊಳಗೆ ಮುಳುಗಿ ಮೂಲೆ ಸೇರಿಕೊಂಡು ಗಡಗಡ ನಡುಗ್ತಾ ಇದ್ದ. ನಾನು ಬೆರಳು ಬಾಯಲ್ಲಿಟ್ಟುಕೊಂಡು ನೋಡ್ತಾ ಕೂತೆ. ಸಂಜೆ ಹೊತ್ತು ಬೀದಿಯಲ್ಲಿ ನಿಮ್ಮ ಗಾಡಿ ಸದ್ದು ಕೇಳಿದ್ರೆ ನಾನು ಅಡಿಗೆಮನೆ ಮೂಲೆಯಲ್ಲಿ ಹೀಗೇ ನಿಲ್ತಾ ಇದ್ದೆ ರೀ. ನೀವು ಕೈ ಮಾಡಿದವರಲ್ಲ, ಆದರೂ ಇವತ್ತು ಯಾವ ಮನುಷ್ಯ ಒಳಗೆ ಬರ್ತಾನೋ ಅಂತ ಹೆಜ್ಜೆ ಸದ್ದಿಗೆ ಕಿವಿ ಕೊಡ್ತಿದ್ದೆ. ನಿಮಗೆ ಬೇಜಾರಾಗಲಿ ಅಂತ ಬರೀತಿಲ್ಲ. ಅವನು ನಡುಗೋದು ನೋಡಿದ್ದಕ್ಕೆ ನೆನಪಾಯ್ತು, ಅಷ್ಟೇ.

ಮೇಡಂಗೆ ಫೋನ್ ಮಾಡಿ ಕೇಳಿದ್ದಕ್ಕೆ, ಹಿಡಿಯೋಕೆ ಹೋಗ್ಲೇಬೇಡಿ ಅಕ್ಕ, ಕೈ ಸುಮ್ನೆ ಕೆಳಗಿಡಿ, ಅವನಾಗೇ ಬರ್ತಾನೆ ಅಂದ್ರು. ಹಗಲೆಲ್ಲಾ ನಿದ್ದೆ ಮಾಡ್ತಾನಂತೆ, ಎಬ್ಬಿಸಬಾರದಂತೆ. ಸರಿ ಅಂತ ದಿನಾ ದೀಪ ಹಚ್ಚಿದ ಮೇಲೆ ಪಂಜರದೊಳಗೆ ಅಂಗೈ ಮೇಲೆ ಒಂದು ಸೌತೆಕಾಯಿ ಚೂರು ಇಟ್ಟುಕೊಂಡು ಕೂತುಕೊಳ್ತಾ ಇದ್ದೆ. ನಾನು, ಈ ಗಂಗಾಲಕ್ಷ್ಮಿ, ಕೈ ಆಡಿಸದೆ ಕೂತಿದ್ದೆ ಅಂದ್ರೆ ನಂಬ್ತೀರಾ? ಸಾರು ಸೀದು ಹೋಯ್ತು ಎಷ್ಟೋ ಸಲ. ಬಾಯಿಗೆ ಮಾತ್ರ ಬಿಡುವಿಲ್ಲ, ಮೆಲ್ಲಗೆ ಅವನ ಹತ್ರ ಊರಿನ ಸುದ್ದಿ ಎಲ್ಲಾ ಹೇಳ್ತಾ ಇದ್ದೆ. ಮೊದಮೊದಲು ದೂರದಿಂದಲೇ ಮೂಗು ಕುಣಿಸ್ತಿದ್ದ. ಆಮೇಲೆ ಚೂರು ಕಸಿದುಕೊಂಡು ಓಡ್ತಿದ್ದ. ಒಂದು ದಿನ ಮುಂಗಾಲು ಎರಡು ನನ್ನ ಬೆರಳ ಮೇಲಿಟ್ಟು ನಿಂತು ಅಲ್ಲೇ ತಿಂದ. ಅವನ ಉಗುರು ಎಷ್ಟು ಸಣ್ಣದು ಗೊತ್ತಾ, ರಾಗಿ ಕಾಳಿಗಿಂತ ಸಣ್ಣದು. ನನಗೆ ಅಳು ಬಂತು. ಸುಮ್ನೆ ಕೂತು ಅತ್ತುಬಿಟ್ಟೆ.

ನೀವು ಹೋದ ಹೊಸದರಲ್ಲಿ ಮನೆ ನಿಶ್ಶಬ್ದವಾಗಿದ್ದದ್ದು ನನಗೆ ಹಬ್ಬದ ಹಾಗಿತ್ತು. ನಿಜ ಹೇಳ್ತಿದ್ದೀನಿ. ಕೂಗಾಟ ಇಲ್ಲ, ಯಾರಾದ್ರೂ ಬಂದು ನಿಮ್ಮ ಯಜಮಾನ್ರು ಬಸ್‌ಸ್ಟಾಂಡಲ್ಲಿ ಬಿದ್ದಿದ್ದಾರೆ ಅನ್ನೋದಿಲ್ಲ. ಹೊಟ್ಟೆ ತುಂಬಾ ಉಂಡು ಮಲಗಿದೆ. ಆಮೇಲೆ ಆ ಹಬ್ಬ ಮುಗಿದುಹೋಯ್ತು. ಒಬ್ಬಳಿಗೆ ಮುದ್ದೆ ತೊಳಸೋಕೆ ಕೈ ಬರಲ್ಲ, ಹಿಟ್ಟು ಹಾಕಿದ್ರೆ ಇಬ್ಬರಿಗೇ ಆಗುತ್ತೆ. ಮಿಕ್ಕಿದ್ದನ್ನ ಬೆಳಿಗ್ಗೆ ಮಜ್ಜಿಗೆಗೆ ಕಲಸಿ ನಾನೇ ಕುಡೀತೀನಿ. ಅವರೆಕಾಯಿ ಕಾಲ ಬಂತು, ಅವರೆ ಸುಲಿಯೋದು ಒಬ್ಬಳು ಕೂತು ಮಾಡೋ ಕೆಲಸನಾ? ಎದುರಿಗೆ ಒಬ್ಬರು ಕೂತು ಯಾರನ್ನಾದ್ರೂ ಬೈತಾ ಸುಲಿದ್ರೆ ಅದು ಅವರೆ. ಈಗ ಸೊಣ್ಣಪ್ಪನ ಪಂಜರ ಪಕ್ಕಕ್ಕಿಟ್ಟುಕೊಂಡು ಸುಲೀತೀನಿ. ಕತ್ತಲಾದ್ರೆ ಅವನು ತನ್ನ ಚಕ್ರ ಹತ್ತಿ ಗರಗರ ಅಂತ ಓಡ್ತಾನೆ. ಎಲ್ಲಿಗೂ ಹೋಗಲ್ಲ, ಸುಮ್ನೆ ಓಡ್ತಾನೆ. ಆ ಸದ್ದು ಕೇಳ್ತಾ ಇದ್ರೆ ಮನೆಯಲ್ಲಿ ಇನ್ನೊಂದು ಜೀವ ಇದೆ ಅಂತ ನಿದ್ದೆ ಬರುತ್ತೆ.

ಹೋದ ವಾರ ಚಳಿ ಹೆಚ್ಚಾಯ್ತಲ್ಲ, ಆಗ ಒಂದು ದಿನ ಚಕ್ರದ ಸದ್ದು ಇಲ್ಲ. ಬೆಳಿಗ್ಗೆ ನೋಡಿದ್ರೆ ಸೊಣ್ಣಪ್ಪ ಉಂಡೆಯಾಗಿ ಮಲಗಿದ್ದಾನೆ, ಕಡ್ಲೆಬೀಜ ಹಾಗೇ ಇದೆ. ಹುಳು ಮನೆಯಲ್ಲಿ ಅವತ್ತೇ ಹುಳು ಪೊರೆ ಬಿಡೋಕೆ ಮೂರನೇ ಜ್ವರಕ್ಕೆ ಕೂತಿದ್ವು. ನನ್ನ ತಲೆಯಲ್ಲಿ ಅದೇ ಇತ್ತು ನೋಡಿ, ಓಹೋ ಇವನಿಗೂ ಜ್ವರ ಕೂತಿದೆ, ಪೊರೆ ಬಿಡೋ ಕಾಲ, ಮುಟ್ಟಬಾರದು, ಮೇವು ಹಾಕಬಾರದು, ಅದರ ಪಾಡಿಗೆ ಬಿಟ್ರೆ ತಾನಾಗೇ ಏಳುತ್ತೆ ಅಂದುಕೊಂಡೆ. ಹುಟ್ಟಿದಾಗಿಂದ ಹುಳು ಸಾಕಿದ ಬುದ್ಧಿ, ಇನ್ನೇನು ಬರುತ್ತೆ? ಪಂಜರಕ್ಕೆ ಬಟ್ಟೆ ಮುಚ್ಚಿ, ಸದ್ದು ಮಾಡದೆ ಓಡಾಡಿದೆ. ಹುಳುಗಳಿಗೆ ಎರಚಿದ ಸುಣ್ಣದ ಪುಡಿ ಅವನಿಗೂ ಒಂದು ಚಿಟಿಕೆ ಹಾಕೋಣ ಅಂತ ಕೈಗೆ ತಗೊಂಡೂ ಬಿಟ್ಟಿದ್ದೆ, ನಿಮ್ಮಾಣೆ. ಸಂಜೆ ಬಟ್ಟೆ ಎತ್ತಿ ಬೆರಳಲ್ಲಿ ಮುಟ್ಟಿದ್ರೆ ಅವನು ಕಲ್ಲಿನಷ್ಟು ತಣ್ಣಗಿದ್ದ. ಉಸಿರು ಇದೆಯೋ ಇಲ್ಲವೋ ತಿಳೀಲಿಲ್ಲ. ಇಲಿಗೆ ಎಲ್ಲಿಯ ಪೊರೆ, ಎಲ್ಲಿಯ ಜ್ವರ! ಅಯ್ಯೋ ಪಾಪಿ, ಚಳಿಗೆ ಸೆಟೆದುಹೋದವನನ್ನ ಹಗಲೆಲ್ಲಾ ಮುಟ್ಟದೆ ಬಿಟ್ಟೆನಲ್ಲ ಅಂತ ತಲೆ ಚಚ್ಚಿಕೊಂಡೆ.

ಎತ್ತಿ ಸೆರಗಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡ್ಕೊಂಡೆ. ಬೆಚ್ಚಗಿರೋ ಜಾಗ ಅಂದ್ರೆ ನಮ್ಮಲ್ಲಿ ಹುಳು ಮನೆ ಒಂದೇ, ಅಲ್ಲಿ ಕೆಂಡ ಇಟ್ಟಿದ್ದೆ. ಕಾಲು ತೊಳೆದು ಒಳಗೆ ಹೋಗಿ ಕೂತುಬಿಟ್ಟೆ. ಇಲೀನ ಕೈಯಾರೆ ಹುಳು ಮನೆಗೆ ಕರ್ಕೊಂಡು ಹೋದವಳು ಈ ಮುಳಬಾಗಿಲು ತಾಲ್ಲೂಕಲ್ಲೇ ನಾನೊಬ್ಬಳು ಇರಬೇಕು. ಹುಳುಗಳು ತಲೆಯೆತ್ತಿಕೊಂಡು ಜ್ವರದಲ್ಲಿ ಕೂತಿದ್ವು, ನಾನು ಅವುಗಳ ಮಧ್ಯೆ ಇವನನ್ನ ಉಜ್ಜುತ್ತಾ, ಸೊಣ್ಣಪ್ಪಾ ಏಳಪ್ಪಾ, ಏಳೋ ನನ್ನಪ್ಪಾ ಅಂತ. ಆಮೇಲೆ ಗೊತ್ತಾಯ್ತು, ಸೊಣ್ಣಪ್ಪನ ಹೆಸರು ಬಿಟ್ಟು ರೀ ಏಳ್ರೀ ಅಂತಿದ್ದೆ. ನಗಬೇಡಿ. ಮನೆ ಮುಂದೆ ನಿಮ್ಮನ್ನ ಎಬ್ಬಿಸಿ ಎಬ್ಬಿಸಿ ಅದೇ ಅಭ್ಯಾಸ ಆಗಿಹೋಗಿದೆ. ಬಹಳ ಹೊತ್ತಿನ ಮೇಲೆ ಮೀಸೆ ಅಲ್ಲಾಡ್ತು. ಒಂದು ಕಾಲು ಚಾಚಿದ. ಬೆಲ್ಲದ ನೀರು ಬೆರಳಲ್ಲಿ ಅದ್ದಿ ಕೊಟ್ಟೆ, ನೆಕ್ಕಿದ. ಈಗ ಗಟ್ಟಿಮುಟ್ಟಾಗಿದ್ದಾನೆ. ಪಂಜರವನ್ನ ಒಲೆ ಇರೋ ಕಡೆಗೆ ಸರಿಸಿದ್ದೀನಿ, ನಿಮ್ಮ ಹಳೇ ಪಂಚೆ ಹರಿದು ಹಾಸಿದ್ದೀನಿ. ನಾನು ಹತ್ರ ಹೋದ್ರೆ ತಾನಾಗೇ ಬಂದು ಕೈ ಹತ್ತುತ್ತಾನೆ. ಅವತ್ತಿಂದ ಯೋಚನೆ ಮಾಡ್ತಾ ಇದ್ದೀನಿ. ನಿಮ್ಮನ್ನೂ ಹಾಗೇ ಬಿಟ್ಟಿದ್ದೆನಲ್ಲ, ಒಂದು ಕಾಗದ ಇಲ್ಲದೆ, ಒಂದು ಸಲ ಬಂದು ಮುಖ ನೋಡದೆ. ಮುಟ್ಟದೆ ಬಿಟ್ರೆ ತಾನಾಗೇ ಸರಿಹೋಗುತ್ತೆ ಅಂತ. ಅದಕ್ಕೇ ಈ ಕಾಗದ.

ಹುಳು ನಾಲ್ಕನೇ ಜ್ವರದ ತನಕ ಬಂದಿವೆ, ಚೆನ್ನಾಗಿವೆ. ಈ ಸಲ ಅರ್ಧ ಬೆಳೆ ಮಾತ್ರ ಇಟ್ಟಿದ್ದೀನಿ, ಒಬ್ಬಳ ಕೈಗೆ ಅಷ್ಟೇ ಆಗೋದು. ನಿಮ್ಮ ಥರ ಹುಳು ಬಿಡಿಸೋಕೆ ನನ್ನ ಕೈಗೆ ಬರಲ್ಲ, ಒಂದೂ ನಲುಗದ ಹಾಗೆ ಎತ್ತೋದು ನಿಮ್ಮ ಕೈಯೊಂದೇ. ಎತ್ತುಗಳಿಗೆ ಕೊಂಬು ಸವರಿ ಬಣ್ಣ ಹಚ್ಚೋಕೆ ವೆಂಕಟ್ ಬರ್ತೀನಿ ಅಂದಿದ್ದಾನೆ. ಮುನಿಯಲ್ಲಮ್ಮತ್ತೆ ನಿಮ್ಮನ್ನ ಕೇಳಿದೆ ಅಂತ ಬರಿ ಅಂದ್ರು. ವೆಂಕಟ್ ಹೇಳಿದ್ನಲ್ಲ, ನಿಮ್ಮ ಪಕ್ಕದ ಮಂಚದ ಮೇಷ್ಟ್ರು, ಅವರಿಗೆ, ಆ ಸಿಸ್ಟರ್‌ಗೆ ನನ್ನ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ. ಗಣಪ ನಿಮ್ಮ ಕೈ ಹಿಡಿದು ನಡೆಸಲಿ.

ಇಂತಿ ನಿಮ್ಮ
ಗಂಗಾ

ವಿ.ಸೂ: ವೆಂಕಟ್ ಗಾಡಿ ಸ್ಟಾರ್ಟ್ ಮಾಡಿಕೊಂಡು ಹಾರನ್ ಹೊಡೀತಾ ಇದ್ದಾನೆ, ಕಾಗದ ಅವನ ಕೈಗೇ ಕೊಡ್ತೀನಿ. ನಾನು ಸಹಿ ಹಾಕಲ್ಲ ರೀ. ಸಂಕ್ರಾಂತಿಗೆ ಬೇಡ, ಡಾಕ್ಟರು ಹೇಳಿದಷ್ಟು ದಿನ ಇದ್ದು ಬನ್ನಿ. ಕೋಪಕ್ಕಲ್ಲ, ಇನ್ನೊಂದು ಸಲ ಆದ್ರೆ ನನ್ನ ಕೈಲಿ ಆಗಲ್ಲ, ಅದಕ್ಕೆ. ಈ ಭಾನುವಾರ ನಿಮ್ಮನ್ನ ನೋಡೋಕೆ ನಾನೇ ಬರ್ತೀನಿ. ಮುದ್ದೆ, ಹಿತಕಿದ ಬೇಳೆ ಸಾರು, ಎಳ್ಳು ಬೆಲ್ಲ ತರ್ತೀನಿ, ಎದುರಿಗೆ ಕೂತು ಬಡಿಸ್ತೀನಿ. ಒಂದೇ ಒಂದು ಕೇಳ್ಕೊಳ್ತೀನಿ. ನಾನು ವಾಪಸ್ ಹೊರಟಾಗ ಗೇಟಿನ ತನಕ ಬರಬೇಡಿ, ಹಿಂದಿನಿಂದ ಗಂಗಾ ಅಂತ ಕರೀಬೇಡಿ. ಕರೆದ್ರೆ ಸಹಿ ಹಾಕಿ ಕರ್ಕೊಂಡು ಬಂದುಬಿಡ್ತೀನಿ.